ಸಮ್ಮರ್ ಕ್ಯಾಂಪ್ ಮುಗೀತು, ಮುಂದೇನು? ಮಕ್ಕಳನ್ನ ವರ್ಷಪೂರ್ತಿ ಈಜಿಗೆ ಹಾಕೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆ ಬಿಸಿಲು ಹೆಂಗಿರುತ್ತೆ ಅಂತ ಹೇಳೋದೇ ಬೇಡ, ಬೆಳಗಿನ ಬ್ಯಾಚಿಂದ ಸಂಜೆ ಬ್ಯಾಚ್ ತನಕ ಪೂಲಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅದೇ ಸ್ಕೂಲ್ ಶುರುವಾಗಿ ಜೂನಲ್ಲಿ ನಾಲ್ಕು ಹನಿ ಬಿದ್ರೆ ಸಾಕು, ಪೂಲ್ ಖಾಲಿ. ಆ ಖಾಲಿ ಪೂಲಿಗೆ ನಾನು ಹೋಗ್ಲೇಬೇಕು ಅಂತ ಹಟ ಹಿಡಿಯೋ ಒಂದಿಷ್ಟು ಮಕ್ಕಳು ಪ್ರತಿ ವರ್ಷ ಇರ್ತಾರೆ. ನನ್ನ ಮಕ್ಕಳೂ ಹಂಗೇ ವರ್ಷಪೂರ್ತಿ ನಡೆಯೋ ಈಜು ಕ್ಲಬ್ ಸೇರಿದವರು, ಅದಕ್ಕೇ ಕಟ್ಟೆ ಮೇಲೆ ಕೂತ ಅಪ್ಪ-ಅಮ್ಮಂದಿರು ನನ್ನನ್ನ ಕೇಳ್ತಾನೇ ಇರ್ತಾರೆ, ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದ್ಕಡೆ ಹಾಕಿದೀನಿ. ಹರಿಹರ, ಚಿತ್ರದುರ್ಗದವರಿಗೂ ಬಹುಪಾಲು ಇದೇ ಅನ್ವಯಿಸುತ್ತೆ. ಮೊದಲೇ ಒಂದು ಮಾತು: ಮೊದಲ ವರ್ಷ ನಿಮ್ಮ ಕೆಲಸ ಅಂದ್ರೆ ಮಗುವನ್ನ ಒಂದು ಮಳೆಗಾಲ, ಒಂದು ಚಳಿಗಾಲ ದಾಟಿಸೋದು, ಅಷ್ಟೇ. ಕೆಳಗೆ ಬರೆದಿರೋ ಎಲ್ಲದರ ಹಿಂದೆನೂ ಇದೇ ಲೆಕ್ಕ ಇದೆ.

ಮಗ ಇನ್ನೂ ಹೋಗ್ತೀನಿ ಅಂತಾನೆ. ಅವನು ಕ್ಲಬ್ಬಿಗೆ ರೆಡಿ ಇದಾನಾ ಅಂತ ಹೆಂಗೆ ತಿಳ್ಕೊಳ್ಳೋದು?

ಎರಡು ವಿಷಯ ನೋಡಿ. ಒಂದು ನೀರೊಳಗೆ: 25 ಮೀಟರ್ ಯಾರ ಸಹಾಯನೂ ಇಲ್ದೆ, ಕಂಬಿ ಹಿಡೀದೆ ಫ್ರೀಸ್ಟೈಲ್ ಹೋಗ್ತಾನಾ, ಮುಖ ನೀರೊಳಗೆ ಇಟ್ಟು ಉಸಿರು ಅಲ್ಲೇ ಬಿಟ್ಟು ಪಕ್ಕಕ್ಕೆ ತಿರುಗಿ ತಗೋತಾನಾ, ಮತ್ತೆ ಅಂಗಾತ ಆರಾಮಾಗಿ ತೇಲ್ತಾನಾ. ಬಹಳ ಮಕ್ಕಳು ಕ್ಯಾಂಪಲ್ಲಿ ಉಸಿರು ಕಟ್ಕೊಂಡು ಕೈಕಾಲು ಬಡಿದು ಒಂದು ಲ್ಯಾಪ್ ಮುಗಿಸಿಬಿಡ್ತಾರೆ, ಆ ಕಡೆ ಗೋಡೆ ಮುಟ್ಟೋ ಹೊತ್ತಿಗೆ ಮುಖ ಕೆಂಪಗಾಗಿರುತ್ತೆ. ಅಂಥ ಮಗುವನ್ನೂ ಸೇರಿಸಬಹುದು, ಆದ್ರೆ ನೇರ ಕ್ಲಬ್ ಬ್ಯಾಚಿಗೆ ಹಾಕ್ಬೇಡಿ, ಇನ್ನೊಂದೆರಡು ತಿಂಗಳು ಕಲಿಯೋ ಬ್ಯಾಚಲ್ಲೇ ಇರಲಿ.

ಎರಡನೇದು ನೀರಿನ ಹೊರಗೆ. ಸಾಲಲ್ಲಿ ನಿಂತು ತನ್ನ ಸರದಿ ಕಾಯ್ತಾನಾ, ಕೋಚ್ ಹೇಳಿದ್ದನ್ನ ಕೇಳಿಸ್ಕೊಂಡು ಮಾಡ್ತಾನಾ, ಫ್ರೆಂಡ್ ಬರದೇ ಇದ್ದ ದಿನನೂ ಹೋಗ್ತಾನಾ? ಈ ಕೊನೇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಯಾಕಂದ್ರೆ ಜೂನಲ್ಲಿ ಆ ಫ್ರೆಂಡ್ಸ್ ಯಾರೂ ಇರಲ್ಲ.

ಸಮ್ಮರ್ ಕ್ಯಾಂಪಿಗೂ ಕ್ಲಬ್ಬಿಗೂ ಅಂಥ ಏನು ವ್ಯತ್ಯಾಸ? ನೀರು ಅದೇ, ಪೂಲ್ ಅದೇ ಅಲ್ವಾ?

ನೀರು ಅದೇ, ಕೆಲಸ ಬೇರೆ. ಕ್ಯಾಂಪಲ್ಲಿ ಒಬ್ಬ ಕೋಚಿಗೆ ಮಕ್ಕಳ ಹಿಂಡು, ಅರ್ಧ ಹೊತ್ತು ಆಟ, ಮುಳುಗಿ ಕಾಯಿನ್ ಎತ್ತೋದು, ಕೊನೇ ದಿನ ಸರ್ಟಿಫಿಕೇಟ್ ಮತ್ತೆ ಫೋಟೋ. ಅದು ಇರಬೇಕಾದ್ದೇ ಹಂಗೆ, ನೀರಿನ ಭಯ ಹೋಗೋದೇ ಹಂಗೆ. ಕ್ಲಬ್ಬಲ್ಲಿ ಲೇನ್ ಇರುತ್ತೆ, ಒಬ್ಬರ ಹಿಂದೆ ಒಬ್ಬರು ಸುತ್ತು ಹೊಡೀಬೇಕು, ಗೋಡೆ ಮೇಲಿನ ಗಡಿಯಾರ ನೋಡಿ ಹೊರಡಬೇಕು, ಸೆಟ್ ಅಂತ, ಅಂದ್ರೆ ಇಷ್ಟು ದೂರ ಇಷ್ಟು ಸಲ ಅನ್ನೋ ಲೆಕ್ಕ, ಇರುತ್ತೆ.

ಒಂದು ಉದಾಹರಣೆ ಕೊಡ್ತೀನಿ. ಎಂಟು-ಒಂಬತ್ತು ವರ್ಷದ ಮಗುಗೆ ಮೊದಲ ತಿಂಗಳ ಒಂದು ದಿನ ಹಿಂಗಿರಬಹುದು: 200 ಮೀಟರ್ ನಿಧಾನ ವಾರ್ಮ್ ಅಪ್, ಆಮೇಲೆ ಕಿಕ್‌ಬೋರ್ಡ್ ಹಿಡಿದು 25 ಮೀಟರಿನ ಎಂಟು ಕಿಕ್, ಆಮೇಲೆ ಒಂದೇ ಕೈಲಿ ಈಜೋದು, ಪಕ್ಕಕ್ಕೆ ಮಲಗಿ ಕಿಕ್ ಹೊಡೆಯೋದು ಅಂಥ ಡ್ರಿಲ್ ಎಂಟು 25, ನಡುವೆ ಸಾಕಷ್ಟು ರೆಸ್ಟ್, ಆಮೇಲೆ 50 ಮೀಟರ್ ಫ್ರೀಸ್ಟೈಲ್ ನಾಲ್ಕು, ಕೊನೆಗೆ 100 ಆರಾಮಾಗಿ. ಕೂಡಿದ್ರೆ 900 ಮೀಟರ್ ಆಯ್ತು. ಕ್ಯಾಂಪಲ್ಲಿ ಒಂದೆರಡು ಲ್ಯಾಪ್ ಹೊಡೆದು ದಂಡೆ ಮೇಲೆ ಕೂತು ಹರಟೆ ಹೊಡೀತಿದ್ದ ಮಗುಗೆ ಇದು ಬಹಳ ಅನ್ಸುತ್ತೆ, ಮೊದಲ ಎರಡು ವಾರ ಮನೆಗೆ ಬಂದು ಊಟ ಮಾಡ್ತಾ ಮಾಡ್ತಾನೇ ನಿದ್ದೆ ಹೋಗುತ್ತೆ. ಗಾಬರಿ ಆಗ್ಬೇಡಿ, ಮೂರನೇ ವಾರಕ್ಕೆ ಸರಿ ಹೋಗುತ್ತೆ.

ಯಾವ ವಯಸ್ಸಿಗೆ ಸೇರಿಸಬೇಕು? ಮಗಳಿಗೆ 11, ತಡ ಆಯ್ತಾ?

ತಡ ಆಗಿಲ್ಲ. ಏಳರಿಂದ ಒಂಬತ್ತು ಒಳ್ಳೇ ವಯಸ್ಸು, ಅದಕ್ಕಿಂತ ಚಿಕ್ಕವರಿಗೆ ಆಟ ಆಡ್ತಾ ಕಲಿಯೋದೇ ಸಾಕು. ಹನ್ನೊಂದಕ್ಕೆ ಬಂದವರು ಹೇಳಿದ್ದನ್ನ ಬೇಗ ಹಿಡೀತಾರೆ. ಹದಿನಾಲ್ಕಕ್ಕೆ ಶುರು ಮಾಡಿದ್ರೂ ಶರೀರಕ್ಕೆ ಒಳ್ಳೇದು, ಜೀವನಪೂರ್ತಿ ಇರೋ ವಿದ್ಯೆ, ರಾಷ್ಟ್ರಮಟ್ಟದ ಕನಸು ಮಾತ್ರ ಸ್ವಲ್ಪ ಕಷ್ಟ ಆಗುತ್ತೆ.

ನೀರಿಗೆ ಹೆದರೋ ಮಗು ಅಂತ ಕೈ ಬಿಡಬೇಡಿ. ನಮ್ಮ ದೇಶದ ಈಜುಗಾರ್ತಿ ನಿಶಾ ಮಿಲೆಟ್ ಐದು ವರ್ಷದವರಿದ್ದಾಗ ನೀರಲ್ಲಿ ಮುಳುಗಿ ಹೋಗೋದ್ರಲ್ಲಿದ್ರು, ಆಮೇಲೆ ಈಜು ಕಲಿತು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ್ರು.

ಕ್ಲಬ್, ಕೋಚ್ ಆರಿಸೋವಾಗ ಏನು ನೋಡ್ಬೇಕು?

ನಮ್ಮಂಥ ಊರಲ್ಲಿ ಹತ್ತು ಕ್ಲಬ್ ಇರಲ್ಲ, ಇರೋದ್ರಲ್ಲೇ ನೋಡ್ಬೇಕು, ಆದ್ರೂ ನೋಡ್ಲೇಬೇಕು. ಸೇರಿಸೋಕೆ ಮುಂಚೆ ಒಂದು ಪೂರ್ತಿ ಸೆಷನ್ ದಂಡೆ ಮೇಲೆ ಸುಮ್ನೆ ಕೂತ್ಕೊಳ್ಳಿ. ಕೋಚ್ ಕಣ್ಣು ನೀರಿನ ಮೇಲಿದೆಯಾ ಮೊಬೈಲ್ ಮೇಲಿದೆಯಾ? ಮುಂದೆ ಇರೋ ಇಬ್ಬರನ್ನ ಬಿಟ್ಟು ಹಿಂದೆ ಉಳಿದಿರೋ ಮಗುಗೂ ಏನಾದ್ರೂ ಹೇಳಿಕೊಡ್ತಾರಾ? ಬೈಗುಳದಲ್ಲೇ ಪಾಠ ಮುಗಿಯುತ್ತಾ? ಕೋಚ್ ಅಲ್ದೆ ಬೇರೆ ಲೈಫ್‌ಗಾರ್ಡ್ ಇದ್ದಾರಾ? ಇದಿಷ್ಟು ಅರ್ಧ ಗಂಟೇಲಿ ಕಾಣುತ್ತೆ.

ನೀರನ್ನೂ ನೋಡಿ. ಆಳದ ಕಡೆ ನಿಂತು ಕೆಳಗೆ ನೋಡಿದ್ರೆ ತಳದ ಗೆರೆ, ತಳದ ಜಾಲರಿ ಸ್ಪಷ್ಟ ಕಾಣಬೇಕು. ಕಾಣ್ತಿಲ್ಲ ಅಂದ್ರೆ ಮುಳುಗಿದ ಮಗುನೂ ಕಾಣಲ್ಲ, ಆ ದಿನ ಇಳಿಸಲೇಬೇಡಿ, ಫೀಸ್ ಕಟ್ಟಿದ್ರೂ ಸರಿ. ನೀರಿನ ಪಿಹೆಚ್ (ಹುಳಿ-ಕ್ಷಾರದ ಅಳತೆ) 7.2ರಿಂದ 7.8ರೊಳಗೆ ಇರಬೇಕು, ದಿನಾ ಟೆಸ್ಟ್ ಮಾಡಿ ಬೋರ್ಡಲ್ಲಿ ಬರೀತಾರಾ ಅಂತ ಕೇಳಿ, ಕೇಳೋದ್ರಲ್ಲಿ ಏನೂ ತಪ್ಪಿಲ್ಲ. ಡೈವ್ ಹೊಡೆಸೋ ಕಡೆ ಆಳ ಎಷ್ಟಿದೆ ಅಂತಾನೂ ಕೇಳಿ, ಸ್ಟಾರ್ಟಿಂಗ್ ಬ್ಲಾಕ್ (ರೇಸಿಗೆ ಹಾರೋ ಕಟ್ಟೆ) ಇರೋ ಕಡೆ ಕನಿಷ್ಠ 1.35 ಮೀಟರ್ ನೀರಿರಬೇಕು ಅನ್ನೋದು ಅಂತರರಾಷ್ಟ್ರೀಯ ಈಜು ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್ ನಿಯಮ. ಹೊಸಬರಿಗೆ ಇನ್ನೂ ಆಳ ಇದ್ರೆನೇ ಒಳ್ಳೇದು.

ಇನ್ನೊಂದು ವಿಷಯ ಸಂಕೋಚ ಬಿಟ್ಟು ಹೇಳ್ತೀನಿ. ಬಟ್ಟೆ ಬದಲಾಯಿಸೋ ರೂಮು ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಇರಬೇಕು, ದೊಡ್ಡವರು ಬಳಸೋ ಹೊತ್ತು ಬೇರೆ ಇರಬೇಕು, ಒಳಗೆ ಮೊಬೈಲ್ ತೆಗೆಯಂಗಿಲ್ಲ. ಕೋಚ್ ಒಬ್ಬರೇ ಮಗುವಿಗೆ ಮೆಸೇಜ್ ಮಾಡೋದು, ಒಬ್ಬರೇ ಕರ್ಕೊಂಡು ಹೋಗೋದು ಬೇಡ, ಏನಿದ್ರೂ ಪೋಷಕರ ಗ್ರೂಪಲ್ಲಿ ಬರಲಿ. ಸ್ಟ್ರೋಕ್ ತಿದ್ದುವಾಗ ಕೈ, ಭುಜ, ಪಾದ ಹಿಡಿದು ತೋರಿಸ್ತಾರೆ, ಅದು ಎಲ್ಲರ ಎದುರಿಗೆ, ಹೇಳಿ ಮಾಡೋ ಕೆಲಸ. ಇಷ್ಟ ಆಗದ ಮುಟ್ಟುವಿಕೆ ಏನಾದ್ರೂ ಆದ್ರೆ ಮನೆಗೆ ಬಂದು ಹೇಳು, ನಿನ್ನನ್ನ ಯಾರೂ ಬೈಯಲ್ಲ ಅಂತ ಮಗುಗೆ ಮೊದಲೇ ಹೇಳಿಟ್ಟಿರಿ. ಮಕ್ಕಳ ಸಹಾಯವಾಣಿ 1098, ಇದು ಮಗುಗೂ ಬಾಯಿಪಾಠ ಆಗಿರಲಿ. ಒಳ್ಳೇ ಕೋಚ್ ಇದ್ಯಾವುದನ್ನ ಕೇಳಿದ್ರೂ ಬೇಜಾರು ಮಾಡ್ಕೊಳ್ಳಲ್ಲ.

ವಾರಕ್ಕೆ ಎಷ್ಟು ದಿನ ಕಳಿಸಬೇಕು?

ಶುರುವಿಗೆ ಮೂರು ದಿನ ಸಾಕು. ಎರಡು-ಮೂರು ತಿಂಗಳಾದ್ಮೇಲೆ ಮಗು ಕೇಳಿದ್ರೆ ನಾಲ್ಕು. ಕ್ಯಾಂಪಲ್ಲಿ ದಿನಾ ಹೋಗ್ತಿದ್ದ ಅಂತ ಜೂನಲ್ಲೂ ಆರು ದಿನ ಹಾಕಿ, ಸ್ಕೂಲು, ಟ್ಯೂಷನ್ನು, ಹೋಂವರ್ಕು ಎಲ್ಲ ಸೇರಿ ಆಗಸ್ಟ್ ಹೊತ್ತಿಗೆ ಪೂರ್ತಿ ಬಿಡಿಸೋರನ್ನ ಬಹಳ ನೋಡಿದೀನಿ. ಬೆಳಗಿನ ಬ್ಯಾಚೋ ಸಂಜೆ ಬ್ಯಾಚೋ ಅನ್ನೋದು ನಿಮ್ಮ ಮನೆ ನಿದ್ದೆ ಮೇಲೆ ಹೋಗುತ್ತೆ. ಆರರಿಂದ ಹನ್ನೆರಡು ವರ್ಷದ ಮಗುಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಮೂರು ದಾಟಿದವರಿಗೆ 8ರಿಂದ 10. ಬೆಳಗ್ಗೆ ಐದಕ್ಕೆ ಎಬ್ಬಿಸಬೇಕಂದ್ರೆ ರಾತ್ರಿ ಎಂಟಕ್ಕೆ ಮಲಗಿಸಬೇಕು, ಅದು ನಿಮ್ಮನೇಲಿ ಆಗುತ್ತಾ ಅಂತ ಮೊದಲು ನೋಡ್ಕೊಳ್ಳಿ. ಆಗಲ್ಲ ಅಂದ್ರೆ ಸಂಜೆ ಬ್ಯಾಚೇ ಸರಿ.

ಮಳೆಗಾಲ, ಚಳಿಗಾಲದಲ್ಲಿ ಶೀತ ಆಗಲ್ವಾ? ಅಜ್ಜಿ ಅಂತೂ ಬೇಡವೇ ಬೇಡ ಅಂತಾರೆ.

ಎಲ್ಲರೂ ಕೇಳೋ ಪ್ರಶ್ನೆ ಇದು, ಕ್ಲಬ್ ಬಿಡಿಸೋದೂ ಬಹಳ ಸಲ ಇದಕ್ಕೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನೆಗಡಿ ಬರೋದು ವೈರಸ್ಸಿಂದ, ನೀರಿಂದ ಅಲ್ಲ. ಸ್ಕೂಲ್ ಶುರುವಾದ ತಕ್ಷಣ ಒಂದೇ ಕ್ಲಾಸಲ್ಲಿ ಮಕ್ಕಳೆಲ್ಲ ಕೂಡ್ತಾರೆ, ಅದೇ ಹೊತ್ತಿಗೆ ಮಳೆನೂ ಶುರು ಆಗುತ್ತೆ, ನೆಗಡಿ ಮನೆ ಮನೆ ಸುತ್ತುತ್ತೆ, ಈಜಿಗೆ ಹೋಗದ ಮಗುಗೂ ಬರುತ್ತೆ. ಅಜ್ಜಿ ಮಾತಲ್ಲೂ ಒಂದು ಸತ್ಯ ಇದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳ್ಕೊಳ್ಳುತ್ತೆ, ತೆಳ್ಳಗಿರೋ ಮಕ್ಕಳಿಗೆ ಇನ್ನೂ ಬೇಗ ಚಳಿ ಹಿಡಿಯುತ್ತೆ. ಸ್ಪರ್ಧೆ ನಡೆಸೋ ಪೂಲಲ್ಲಿ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ನಿಯಮ ಇದೆ, ನಮ್ಮ ಕಡೆ ಮೇಲೆ ಸೂರು ಇಲ್ಲದ, ನೀರು ಬಿಸಿ ಮಾಡದ ಪೂಲಿನ ನೀರು ಡಿಸೆಂಬರ್ ಬೆಳಗ್ಗೆ ಅದಕ್ಕಿಂತ ಕೆಳಗೆ ಹೋಗುತ್ತೆ. ಹಂಗಾಗಿ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಬ್ಯಾಚ್ ಬಿಟ್ಟು ಬಿಸಿಲು ಕಾದ ನೀರಿಗೆ ಮಧ್ಯಾಹ್ನದ ಮೇಲೆ ಕಳಿಸಿ, ಭಾನುವಾರ ಆದ್ರೆ ಹನ್ನೊಂದು ಗಂಟೆಗೂ ಕಳಿಸಬಹುದು. ಸೆಷನ್ ಚಿಕ್ಕದಿರಲಿ, ಗೋಡೆ ಹತ್ರ ನಿಂತು ಕಾಯೋದು ಕಮ್ಮಿ ಇರಲಿ, ಯಾಕಂದ್ರೆ ಈಜ್ತಾ ಇದ್ದಾಗ ಚಳಿ ಗೊತ್ತಾಗಲ್ಲ, ನಿಂತಾಗ್ಲೇ ನಡುಗೋದು. ತುಟಿ ನೀಲಿಗೆ ತಿರುಗಿದ್ರೆ, ಹಲ್ಲು ಕಟಕಟ ಅಂದ್ರೆ ಆ ದಿನ ಅಲ್ಲಿಗೇ ನಿಲ್ಲಿಸಿ ಹೊರಗೆ ಕರೀಬೇಕು, ಸೆಟ್ ಉಳಿದ್ರೆ ಉಳೀಲಿ.

ಹೊರಗೆ ಬಂದ ತಕ್ಷಣದ ಐದು ನಿಮಿಷ ನಿಮ್ಮ ಕೈಲಿದೆ. ಒದ್ದೆ ಬಟ್ಟೆ ಕೂಡ್ಲೇ ತೆಗೆಸಿ, ತಲೆ ಚೆನ್ನಾಗಿ ಒರೆಸಿ, ಒಣಗಿದ ಬಟ್ಟೆ, ಮೇಲೊಂದು ಸ್ವೆಟರ್, ತಲೆಗೆ ಟೋಪಿ. ಒದ್ದೆ ತಲೇಲೇ ಬೈಕಿನ ಮುಂದೆ ಕೂರಿಸ್ಕೊಂಡು ಹೋಗೋದನ್ನ ಮಾತ್ರ ಮಾಡ್ಬೇಡಿ. ಥರ್ಮಾಸಲ್ಲಿ ಬಿಸಿ ರಾಗಿ ಅಂಬಲಿ ಒಯ್ದರೆ ಮಗು ಅಲ್ಲೇ ಕುಡಿದು ಚೇತರಿಸ್ಕೊಳ್ಳುತ್ತೆ, ಅಜ್ಜಿನೂ ಸಮಾಧಾನ ಆಗ್ತಾರೆ. ಅಜ್ಜಿಯನ್ನ ಒಂದಿನ ಪೂಲ್ ಹತ್ರ ಕರ್ಕೊಂಡು ಹೋಗಿ, ಮೊಮ್ಮಗಳು ಮಳೆ ಹನಿ ನಡುವೆ ಹಾಯಾಗಿ ಬ್ಯಾಕ್‌ಸ್ಟ್ರೋಕ್ ಹೋಗೋದನ್ನ ಕಣ್ಣಾರೆ ನೋಡಿದ್ಮೇಲೆ ಬೇಡ ಅನ್ನೋ ದನಿ ಬಹಳ ಮನೇಲಿ ತಗ್ಗಿದೆ.

ಬರೀ ಮಳೆ ಆದ್ರೆ ಈಜಬಹುದು. ಗುಡುಗು ಕೇಳಿದ್ರೆ ಮಾತ್ರ ಎಲ್ಲರೂ ನೀರಿಂದ ಹೊರಗೆ, ಕೊನೇ ಗುಡುಗು ಕೇಳಿ 30 ನಿಮಿಷ ಆಗೋ ತನಕ ವಾಪಸ್ ಇಳಿಯಂಗಿಲ್ಲ. ಮೇ ತಿಂಗಳ ಸಂಜೆ ಮಳೇಲೂ ಇದೇ ನಿಯಮ.

ಜ್ವರ, ಕೆಮ್ಮು, ಭೇದಿ, ಕಣ್ಣು ಬಂದಾಗ ಕಳಿಸಬೇಡಿ. ಭೇದಿ ನಿಂತ ಮರುದಿನಾನೂ ಬೇಡ, ಬೇರೆ ಮಕ್ಕಳಿಗೆ ಹರಡುತ್ತೆ. ಆಸ್ತಮಾ ಇರೋ ಮಕ್ಕಳು ಈಜಬಹುದು, ಡಾಕ್ಟರ್ ಒಪ್ಪಿಗೆ ತಗೊಂಡು ಇನ್‌ಹೇಲರ್ ದಂಡೆ ಮೇಲೆ ಇಟ್ಟಿರಬೇಕು, ಕೋಚಿಗೆ ಗೊತ್ತಿರಬೇಕು. ಫಿಟ್ಸ್ ಬರೋ ಮಗು ಆದ್ರೆ ಮುಚ್ಚಿಡಲೇಬೇಡಿ, ಡಾಕ್ಟರ್ ಹೇಳದೆ ಇಳಿಸಲೂ ಬೇಡಿ.

ಕ್ಲೋರಿನ್ನಿಂದ ಕೂದಲು ಹಾಳಾಗುತ್ತೆ, ಮಗಳು ಕಪ್ಪಗಾಗ್ತಾಳೆ ಅಂತಾರಲ್ಲ?

ಕೂದಲು ಒರಟಾಗೋದು ನಿಜ, ತಡೆಯೋದು ಸುಲಭ. ಇಳಿಯೋಕೆ ಮುಂಚೆ ಶವರಲ್ಲಿ ತಲೆ ಪೂರ್ತಿ ನೆನೆಸ್ಕೊಂಡ್ರೆ ಕೂದಲು ಆಗಲೇ ಒಳ್ಳೇ ನೀರು ಕುಡಿದಿರುತ್ತೆ, ಪೂಲ್ ನೀರು ಕಮ್ಮಿ ಹೀರುತ್ತೆ. ಮೇಲೆ ಸಿಲಿಕಾನ್ ಕ್ಯಾಪ್. ಆಮೇಲೆ ತೊಳೀಬೇಕು. ಎಣ್ಣೆ ಹಚ್ಕೊಂಡು ನೀರಿಗೆ ಇಳೀಬೇಡಿ, ನೀರು ಹಾಳಾಗುತ್ತೆ, ರಾತ್ರಿ ಮನೇಲಿ ಹಚ್ಚಿ.

ಕಣ್ಣು ಕೆಂಪಾಗೋದು, ಮೂಗಿಗೆ ಬಡಿಯೋ ಆ ವಾಸನೆ, ಇದು ಕ್ಲೋರಿನ್ ಜಾಸ್ತಿ ಆಗಿದ್ದಕ್ಕೆ ಅಂತ ಎಲ್ಲರೂ ಅಂದ್ಕೋತಾರೆ. ಬೆವರು, ಉಚ್ಚೆ ಜೊತೆ ಕ್ಲೋರಿನ್ ಸೇರಿ ಆಗೋ ಕ್ಲೋರಮೈನ್‌ಗಳ ವಾಸನೆ ಅದು. ಅದಕ್ಕೇ ಇಳಿಯೋ ಮುಂಚೆ ಸ್ನಾನ, ಟಾಯ್ಲೆಟ್ಟಿಗೆ ಹೋಗಿ ಬರೋದು, ಇದೆರಡೂ ಕಡ್ಡಾಯ ಇರೋ ಪೂಲಲ್ಲಿ ನೀರು ಚೆನ್ನಾಗಿರುತ್ತೆ.

ಬಿಸಿಲಿಗೆ ಮೈ ಬಣ್ಣ ಏರೋದು ನಿಜ, ಸನ್‌ಸ್ಕ್ರೀನ್ ಹಚ್ಚಿ, ತೋಳು ಮುಚ್ಚೋ ಕಾಸ್ಟ್ಯೂಮ್ ಹಾಕಿ, ಸಂಜೆ ಬ್ಯಾಚ್ ಆರಿಸಿ. ಆದ್ರೆ ಬಣ್ಣಕ್ಕೆ ಹೆದರಿ ಹೆಣ್ಣುಮಗುನ ನೀರಿಂದ ದೂರ ಇಡೋದನ್ನ ನಾನು ಒಪ್ಪಲ್ಲ, ಆ ಮಾತು ಮಗು ಕಿವಿಗೆ ಬೀಳಲೇಬಾರದು.

ಕಿವಿಗೆ ನೀರು ಹೋದ್ರೆ?

ತಲೆ ವಾಲಿಸಿ, ಕಿವಿ ಹಾಲೆ ಮೆತ್ತಗೆ ಎಳೆದ್ರೆ ಬರುತ್ತೆ, ಟವೆಲ್ ತುದೀಲಿ ಹೊರಗಡೆ ಮಾತ್ರ ಒರೆಸಿ. ಬಡ್ಸ್, ಹೇರ್‌ಪಿನ್, ಬಿಸಿ ಎಣ್ಣೆ ಯಾವುದೂ ಬೇಡ. ಕಿವಿ ಮುಟ್ಟಿದ್ರೆ ನೋವು, ಸೋರೋದು ಇದ್ರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ವಾಸಿ ಆಗೋ ತನಕ ರಜೆ.

ಏನೇನು ಕೊಡಿಸಬೇಕು? ಬಹಳ ಖರ್ಚಾ?

ಮೊದಲಿಗೆ ಮೈಗಂಟೋ ಕಾಸ್ಟ್ಯೂಮ್, ಕ್ಯಾಪ್, ಸರಿಯಾಗಿ ಕೂರೋ ಗಾಗಲ್, ಟವೆಲ್, ನೀರಿನ ಬಾಟಲ್. ಗಾಗಲ್ ಆರಿಸೋವಾಗ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ನೋಡಿ, ಒಂದು ಕ್ಷಣ ಅಲ್ಲೇ ಹೀರಿಕೊಂಡು ನಿಂತ್ರೆ ಅದು ಆ ಮುಖಕ್ಕೆ ಸರಿ. ಸ್ಪೀಡೋ, ಅರೀನಾ, ಡೆಕಥ್ಲಾನಿನ ನಬೈಜಿ, ಯಾವುದಾದ್ರೂ ನಡೆಯುತ್ತೆ, ಆನ್‌ಲೈನಲ್ಲಿ ಸೈಜ್ ನೋಡಿ ತರಿಸಿ. ಬೇಸಿಗೇಲಿ ಹಾಕ್ತಿದ್ದ ಸಡಿಲ ಬರ್ಮುಡಾ, ಹತ್ತಿ ಬನಿಯನ್ ಬೇಡ, ನೀರು ಕುಡಿದು ಭಾರ ಆಗುತ್ತೆ, ಕಾಲು ಕೆಳಗೆ ಎಳೆಯುತ್ತೆ. ಕಿಕ್‌ಬೋರ್ಡ್, ತೊಡೆ ನಡುವೆ ಇಟ್ಕೊಂಡು ಈಜೋ ಪುಲ್ ಬಾಯ್ ಬಹಳ ಕಡೆ ಪೂಲಲ್ಲೇ ಇರುತ್ತೆ. ಕಾಲಿಗೆ ಹಾಕೋ ಫಿನ್ಸ್ ಕೋಚ್ ಹೇಳಿದ್ಮೇಲೆ ತನ್ನಿ. ಕೈಗೆ ಹಾಕೋ ಪ್ಯಾಡಲ್ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ, ಭುಜಕ್ಕೆ ಹೊರೆ ಬೀಳುತ್ತೆ. ರೇಸಿಗೆ ಅಂತ ಮಾರೋ ದುಬಾರಿ ಸೂಟ್ ಮೊದಲ ವರ್ಷ ಸುಮ್ನೆ ದಂಡ.

ಊಟ ತಿಂಡಿ ಹೆಂಗೆ?

ಇಳಿಯೋಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ಬಾಳೆಹಣ್ಣು, ಇಲ್ಲ ಎರಡು ಖರ್ಜೂರ. ಹೊಟ್ಟೆ ತುಂಬ ಊಟ ಆಗಿದ್ರೆ ಎರಡು ಗಂಟೆ ಬಿಡಿ. ಮುಗಿದ್ಮೇಲೆ ಅರ್ಧ ಗಂಟೆ ಒಳಗೆ ಏನಾದ್ರೂ ಗಟ್ಟಿ ಬೀಳಬೇಕು: ಮೊಟ್ಟೆ, ಶೇಂಗಾ ಚಿಕ್ಕಿ, ಅವಲಕ್ಕಿ-ಮೊಸರು, ರೊಟ್ಟಿ ಶೇಂಗಾ ಚಟ್ನಿ, ನಮ್ಮ ಸೀಮೆಗೆ ಶೇಂಗಾಕ್ಕೇನು ಬರ. ಪ್ರೋಟೀನ್ ಪೌಡರ್ ಮಕ್ಕಳಿಗೆ ಬೇಕಿಲ್ಲ. ಬೆಣ್ಣೆದೋಸೆ ಕೊಡಬಾರದಾ ಅಂತ ಕೇಳ್ತಾರೆ, ಭಾನುವಾರ ಈಜು ಮುಗಿಸಿ ಹಸಿದು ಬಂದ ಮಗುಗೆ ಧಾರಾಳ ಕೊಡಿ, ಆ ಆಸೆಗೆ ಬೆಳಗ್ಗೆ ಏಳೋ ಮಕ್ಕಳೂ ಇದ್ದಾರೆ. ಈಜಿಗೆ ಮುಂಚೆ ಮಾತ್ರ ಮಂಡಕ್ಕಿ-ಮಿರ್ಚಿ ಬೇಡ, ಗೋಡೆ ಹತ್ರ ತಿರುಗಿ ಟರ್ನ್ ಹೊಡೆಯೋವಾಗ ಎದೆಗೆ ಬರುತ್ತೆ. ನೀರೊಳಗೂ ಮೈ ಬೆವರುತ್ತೆ, ಅದಕ್ಕೆ ಬಾಟಲ್ ಗೋಡೆ ಹತ್ರಾನೇ ಇರಲಿ.

ಸೇರಿ ಮೂರು ತಿಂಗಳಾಯ್ತು, ಮೊದಲಿಗಿಂತ ನಿಧಾನ ಆಗಿದ್ದಾನೆ. ಕೋಚ್ ಸರಿ ಇಲ್ವಾ?

ಬಹಳ ಸಲ ಇದು ಒಳ್ಳೇ ಲಕ್ಷಣ. ಬೇಸಿಗೇಲಿ ಕಲಿತ ಬಡಿದಾಟದ ಈಜನ್ನ ಕೋಚ್ ಬಿಚ್ಚಿ ಮತ್ತೆ ಕಟ್ಟಿಸ್ತಿರ್ತಾರೆ, ತಲೆ ಎತ್ತದೆ ಉಸಿರು ತಗೋ, ಮೊಣಕೈ ಮೇಲೆ ಇಡು, ಮೊಣಕಾಲಿಂದ ಒದೀಬೇಡ ಸೊಂಟದಿಂದ ಒದಿ ಅಂತ. ಕೈಬರಹ ತಿದ್ದೋವಾಗ ಮಗು ಮೊದಲಿಗಿಂತ ನಿಧಾನ ಬರೆಯಲ್ವಾ, ಹಂಗೆ. ಈ ಹೊತ್ತಲ್ಲಿ ಮೊಬೈಲಲ್ಲಿ ಟೈಮ್ ಹಿಡಿದು ನೋಡಿದ್ರೆ ಮಗು ಮತ್ತೆ ಹಳೇ ಬಡಿದಾಟಕ್ಕೇ ಹೋಗುತ್ತೆ, ಯಾಕಂದ್ರೆ ಅದಕ್ಕೆ ಅಪ್ಪನ ಮುಖ ಮುಖ್ಯ. ಮೊದಲ ವರ್ಷ ಸ್ಟಾಪ್‌ವಾಚ್ ಕೋಚ್ ಹತ್ರಾನೇ ಇರಲಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ನಿಮಗೇ ಲೆಕ್ಕ ನೋಡ್ಬೇಕು ಅಂದ್ರೆ 25 ಮೀಟರಿಗೆ ಎಷ್ಟು ಸಲ ಕೈ ಬೀಸ್ತಾನೆ ಅಂತ ಎಣಿಸಿ. ತಿಂಗಳು ತಿಂಗಳಿಗೆ ಅದು ಕಮ್ಮಿ ಆಗ್ತಾ ಬಂದ್ರೆ, ಉಸಿರಾಟ ಸಮ ಇದ್ರೆ, ಕೆಲಸ ಸರಿಯಾಗಿ ನಡೀತಿದೆ. ಮುಂದೆ ಹನ್ನೆರಡು-ಹದಿಮೂರಕ್ಕೆ ಒಮ್ಮೆಲೇ ಉದ್ದ ಬೆಳೆದಾಗ ಮತ್ತೆ ಇದೇ ಥರ ಒಂದಿಷ್ಟು ದಿನ ಹದ ತಪ್ಪುತ್ತೆ, ಆಗಲೂ ಕಾಯಬೇಕು. ಭುಜ ನೋವು ಅಂದ್ರೆ, ಬ್ರೆಸ್ಟ್‌ಸ್ಟ್ರೋಕಲ್ಲಿ ಮೊಣಕಾಲು ನೋವು ಅಂದ್ರೆ ಮಾತ್ರ ಕಾಯಬೇಡಿ, ನೋವಿನ ಮಾತ್ರೆ ಕೊಟ್ಟು ಕಳಿಸಬೇಡಿ, ಅವತ್ತೇ ಕೋಚಿಗೆ ಹೇಳಿ.

ಕಾಂಪಿಟಿಷನ್ ಯಾವಾಗ? ಹೆಂಗೆ ನಡೆಯುತ್ತೆ?

ಮೊದಲು ಕ್ಲಬ್ ಒಳಗೆ ನಡೆಯೋ ಚಿಕ್ಕ ರೇಸು, ಆಮೇಲೆ ಶಾಲಾ ಕ್ರೀಡಾಕೂಟ. ಶಾಲೆ ಕಡೆಯಿಂದ ಹೋದ್ರೆ ಜಿಲ್ಲೆ, ವಿಭಾಗ, ರಾಜ್ಯ ಅಂತ ಮೇಲೆ ಹೋಗುತ್ತೆ, 14 ವರ್ಷದೊಳಗೆ, 17 ವರ್ಷದೊಳಗೆ ಅಂತ ಗುಂಪು. ಇನ್ನೊಂದು ದಾರಿ ಕರ್ನಾಟಕ ಈಜು ಸಂಸ್ಥೆಯ ಕೂಟಗಳು, ಅಲ್ಲಿಗೆ ಕ್ಲಬ್ ಮೂಲಕ ಹೆಸರು ಹೋಗಬೇಕು, ವಯಸ್ಸಿನ ಗುಂಪು ಬೇರೆ ಥರ ಇರುತ್ತೆ, ಆ ವರ್ಷದ ಸುತ್ತೋಲೆ ನೋಡಿ ಕೋಚ್ ಹೇಳ್ತಾರೆ.

ಹೋಗೋಕೆ ಮುಂಚೆ ಮಗುಗೆ ನಿಯಮ ಗೊತ್ತಿರಲಿ, ನಿಯಮ ತಿಳೀದೆ ಡಿಸ್‌ಕ್ವಾಲಿಫೈ ಆಗಿ ಅಳೋ ಮಕ್ಕಳನ್ನ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈನಲ್ಲಿ ಗೋಡೆಗೆ ಎರಡೂ ಕೈ ಒಟ್ಟಿಗೆ ಮುಟ್ಟಬೇಕು. ಬ್ಯಾಕ್‌ಸ್ಟ್ರೋಕಲ್ಲಿ ಅಂಗಾತ ಇದ್ದೇ ಗೋಡೆ ಮುಟ್ಟಿ ಮುಗಿಸಬೇಕು, ಗೋಡೆಗೆ 5 ಮೀಟರ್ ಇರೋವಾಗ ಮೇಲೆ ಬಾವುಟದ ಸಾಲು ಕಾಣುತ್ತೆ, ಅಲ್ಲಿಂದ ಎಷ್ಟು ಕೈ ಅಂತ ಮೊದಲೇ ಎಣಿಸಿ ಅಭ್ಯಾಸ ಮಾಡಿಸಿ. ಫ್ರೀಸ್ಟೈಲಲ್ಲಿ ಸುಸ್ತಾಗಿ ನಿಂತ್ರೂ ಪರವಾಗಿಲ್ಲ, ತಳದಲ್ಲಿ ನಡೆಯಂಗಿಲ್ಲ. ಸಿಗ್ನಲ್ಲಿಗೆ ಮುಂಚೆ ಹಾರಿದ್ರೆ ಎರಡನೇ ಅವಕಾಶ ಇಲ್ಲ.

ಪೂಲ್ ಅಳತೆನೂ ಕೇಳ್ಕೊಳ್ಳಿ. 25 ಮೀಟರಲ್ಲಿ ಕಲಿತ ಮಗು 50 ಮೀಟರ್ ಪೂಲ್ ಮೊದಲ ಸಲ ನೋಡಿದಾಗ ಆ ಕಡೆ ಗೋಡೆ ಕಾಣದೆ ಹೆದರುತ್ತೆ, ಹಿಂದಿನ ದಿನ ಹೋಗಿ ಒಂದು ಸಲ ಇಳಿಸಿದ್ರೆ ಆ ಭಯ ಹೋಗುತ್ತೆ. ಮೊದಲ ಕೂಟಕ್ಕೆ ಎರಡೇ ಈವೆಂಟ್ ಸಾಕು, ಅದರಲ್ಲಿ ಒಂದು ಮಗುವಿಗೆ ಇಷ್ಟದ್ದು.

ಮುಗಿಸಿ ಬಂದಾಗ ಎಷ್ಟನೇ ಪ್ಲೇಸು ಅಂತ ಕೇಳ್ಬೇಡಿ. ಟವೆಲ್ ಕೊಡಿ, ಹಸಿವಾಗಿದೆಯಾ ಅಂತ ಕೇಳಿ. ತಪ್ಪು ಹೇಳೋಕೆ ಕೋಚ್ ಇದ್ದಾರೆ. ದಂಡೆ ಮೇಲಿಂದ ಕೈ ಹಿಂಗೆ ಮಾಡು, ಜೋರಾಗಿ ಹೋಗು ಅಂತ ಕೂಗಿದ್ರೆ ನೀರೊಳಗಿರೋ ಮಗುಗೆ ಒಂದು ಅಕ್ಷರನೂ ಕೇಳ್ಸಲ್ಲ, ಪಕ್ಕದಲ್ಲಿ ಕೂತ ಬೇರೆ ಮಗುವಿನ ತಾಯಿಗೆ ಮಾತ್ರ ಕೇಳ್ಸುತ್ತೆ.

ಓದಿಗೆ ತೊಂದ್ರೆ ಆಗಲ್ವಾ? ಮುಂದೆ ಎಸ್ಸೆಸ್ಸೆಲ್ಸಿ ಬೇರೆ.

ಮೂರು-ನಾಲ್ಕು ದಿನ, ದಿನಕ್ಕೆ ಒಂದೂಕಾಲು ಗಂಟೆ, ಇದರಿಂದ ಓದು ಕೆಡಲ್ಲ. ಪರೀಕ್ಷೆ ವಾರದಲ್ಲಿ ಪೂರ್ತಿ ನಿಲ್ಲಿಸೋ ಬದಲು ಎರಡು ದಿನ, ಅರ್ಧರ್ಧ ಗಂಟೆ ಕಳಿಸಿ, ತಲೆ ಹಗುರ ಆಗುತ್ತೆ. ಹತ್ತನೇ ಕ್ಲಾಸಲ್ಲೂ ಹಿಂಗೇ ಕಮ್ಮಿ ಮಾಡಿ ಉಳಿಸ್ಕೊಂಡವರು ವಾಪಸ್ ಬರ್ತಾರೆ, ಪೂರ್ತಿ ಬಿಟ್ಟವರು ಬರೋದು ಅಪರೂಪ.

ಮಗಳು ದೊಡ್ಡವಳಾಗಿದಾಳೆ. ತಿಂಗಳ ದಿನಗಳಲ್ಲಿ ಏನು ಮಾಡೋದು? ಮನೇಲಿ ಕಾಸ್ಟ್ಯೂಮಿಗೂ ಆಕ್ಷೇಪ ಇದೆ.

ಹನ್ನೆರಡು-ಹದಿಮೂರಕ್ಕೆ ಹೆಣ್ಣುಮಕ್ಕಳು ಪೂಲ್ ಬಿಡೋದು ಹೆಚ್ಚಾಗಿ ಇದೇ ಕಾರಣಕ್ಕೆ, ನನಗೆ ಬಹಳ ನೋವಾಗೋ ವಿಷಯ ಇದು. ಆ ದಿನಗಳಲ್ಲಿ ಈಜಿದ್ರೆ ಆರೋಗ್ಯಕ್ಕೆ ಏನೂ ಆಗಲ್ಲ. ಪ್ಯಾಡ್ ನೀರಲ್ಲಿ ಕೆಲಸ ಮಾಡಲ್ಲ, ಟ್ಯಾಂಪನ್, ಕಪ್ ಬಳಸೋಕೆ ಅವಳು ಒಪ್ಪಿದ್ರೆ ಸರಿ, ಇಷ್ಟ ಇಲ್ಲ ಅಂದ್ರೆ ಎರಡು-ಮೂರು ದಿನ ದಂಡೆ ಮೇಲಿನ ವ್ಯಾಯಾಮ ಮಾಡಲಿ, ಒತ್ತಾಯ ಬೇಡ. ಕೋಚ್ ಗಂಡಸಾಗಿದ್ರೆ ಅಮ್ಮ ಒಂದು ಸಲ ಮಾತಾಡಿಟ್ಟಿರಿ, ಇವತ್ತು ಇಳಿಯಲ್ಲ ಸರ್ ಅಂದ್ರೆ ಯಾಕೆ ಅಂತ ಎಲ್ಲರ ಎದುರಿಗೆ ಕೇಳ್ಬಾರ್ದು. ಕಾಸ್ಟ್ಯೂಮ್ ಮೊಣಕಾಲು ತನಕ ಇರೋದು, ತೋಳು ಇರೋದು ಎಲ್ಲ ಸಿಗುತ್ತೆ, ಅಭ್ಯಾಸಕ್ಕೆ ಅದು ಧಾರಾಳ ಆಯ್ತು.

ಒಂದಿನ ಖುಷಿಯಿಂದ ಹೋಗ್ತಾಳೆ, ಒಂದಿನ ಅತ್ತು ಬೇಡ ಅಂತಾಳೆ. ಬಿಡಿಸ್ಲಾ?

ಅವತ್ತೇ ತೀರ್ಮಾನ ಮಾಡ್ಬೇಡಿ. ಮನೆ ಬಿಡೋವಾಗ ಅತ್ತು ನೀರಿಗಿಳಿದ ಹತ್ತು ನಿಮಿಷಕ್ಕೆ ನಗ್ತಾಳೆ ಅಂದ್ರೆ ಅದು ಸೋಮಾರಿತನ, ಚಳಿ, ನಿದ್ದೆ, ಅಷ್ಟೇ. ಹೊರಗೆ ಬಂದ್ಮೇಲೂ ಮುಖ ಬಾಡಿದ್ರೆ, ಹಿಂದಿನ ರಾತ್ರಿಯಿಂದಲೇ ಹೊಟ್ಟೆನೋವು ಅಂತಿದ್ರೆ ಪಕ್ಕ ಕೂತು ಕೇಳಿ. ಯಾರೋ ದೊಡ್ಡ ಮಕ್ಕಳು ಲೇನಲ್ಲಿ ಕಾಲೆಳೀತಿರಬಹುದು, ಬ್ಯಾಚ್ ಭಾರ ಇರಬಹುದು, ಅದಕ್ಕಿಂತ ಗಂಭೀರ ವಿಷಯನೂ ಇರಬಹುದು. ಬ್ಯಾಚ್ ಬದಲಾಯಿಸಿ, ದಿನ ಕಮ್ಮಿ ಮಾಡಿ ನೋಡಿ. ಮತ್ತೆ ವಾರಕ್ಕೊಂದು ಸಲ ಸೆಟ್ ಇಲ್ಲ, ಲ್ಯಾಪ್ ಇಲ್ಲ, ಸುಮ್ನೆ ಬೇಸಿಗೆ ಥರ ಆಡೋಕೆ ಬಿಡಿ ಅಂತ ಕೋಚನ್ನ ಕೇಳ್ಕೊಳ್ಳಿ. ಮಗು ಪೂಲ್ ಇಷ್ಟಪಟ್ಟಿದ್ದೇ ಆ ಆಟಕ್ಕೆ, ಕ್ಲಬ್ ಸೇರಿದ ತಕ್ಷಣ ಅದನ್ನ ಪೂರ್ತಿ ಕಿತ್ಕೊಂಡ್ರೆ ಮಳೆಗಾಲ ದಾಟಲ್ಲ. ಇಷ್ಟಾದ ಮೇಲೂ ಬೇಡ ಅಂದ್ರೆ ಬಿಡಿಸಿ, ಈಜು ಎಲ್ಲೂ ಹೋಗಲ್ಲ, ಮುಂದಿನ ಬೇಸಿಗೆಗೆ ತಾನೇ ಕೇಳಬಹುದು.

ಈಗ ಚೆನ್ನಾಗಿ ಈಜ್ತಾನೆ. ಊರಿಗೆ ಹೋದಾಗ ಚಾನಲ್ಲಿಗೆ, ಕೆರೆಗೆ ಬಿಡಬಹುದಾ?

ಬೇಡ. ನಮ್ಮ ತಾತಂದಿರು ಸೋರೆಬುರುಡೆ ಕಟ್ಕೊಂಡು ಬಾವೀಲಿ ಕಲಿತವರು, ಅವರಿಗೆ ಆ ಬಾವಿಯ ಮೆಟ್ಟಿಲು ಮೆಟ್ಟಿಲೂ ಗೊತ್ತಿತ್ತು, ಜೊತೆಗೆ ದೊಡ್ಡವರು ಇರ್ತಿದ್ರು. ಭದ್ರಾ ನಾಲೆಯ ಸಿಮೆಂಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತೆ, ಸೆಳೆತ ಮೇಲೆ ಕಾಣಲ್ಲ, ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಹರಿಹರದ ಹೊಳೇಲಿ ಗುಂಡಿಗಳಿವೆ, ಸೂಳೆಕೆರೆ, ವಾಣಿವಿಲಾಸ ಸಾಗರದಂಥ ಕಡೆ ಹೂಳು, ಕಳೆ, ಒಮ್ಮೆಲೇ ಆಳ. ಪೂಲಲ್ಲಿ ಕಾಲಡಿ ಗೆರೆ ಕಾಣುತ್ತೆ, ನಾಲ್ಕು ಕಡೆ ಗೋಡೆ ಇದೆ. ಈಜು ಬರುತ್ತೆ ಅನ್ನೋ ಧೈರ್ಯವೇ ಅಲ್ಲಿ ಮುಳುವಾಗುತ್ತೆ. ಮುಳುಗ್ತಿರೋ ಗೆಳೆಯನ್ನ ಕಂಡ್ರೆ ಹಾರಬಾರದು, ಹಗ್ಗ, ಕೋಲು, ಸೀರೆ, ಖಾಲಿ ಕ್ಯಾನ್ ಏನಾದ್ರೂ ಎಸೆದು ಕೂಗಬೇಕು, ಇದನ್ನ ಮಗುಗೆ ಬಿಡಿಸಿ ಹೇಳಿ.

ಪೂಲಲ್ಲೂ ಒಂದು ಆಟ ನಿಲ್ಲಿಸಬೇಕು: ಯಾರು ಜಾಸ್ತಿ ಹೊತ್ತು ನೀರೊಳಗೆ ಇರ್ತಾರೆ ಅನ್ನೋ ಪಂದ್ಯ. ಜೋರಾಗಿ ನಾಲ್ಕಾರು ಸಲ ಉಸಿರೆಳೆದು ಮುಳುಗಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ ಆಗಿರುತ್ತೆ, ಉಸಿರು ಬೇಕು ಅನ್ಸೋಕೆ ಮುಂಚೆನೇ ಪ್ರಜ್ಞೆ ತಪ್ಪುತ್ತೆ. ಚೆನ್ನಾಗಿ ಈಜೋ ಮಕ್ಕಳಿಗೇ ಇದು ಆಗೋದು.

ಮುಂದೆ ಬೆಂಗಳೂರಿಗೆ ಹೋಗ್ಲೇಬೇಕಾ?

ಮೊದಲ ಎರಡು-ಮೂರು ವರ್ಷ ಬೇಕಿಲ್ಲ. ನಾಲ್ಕೂ ಸ್ಟ್ರೋಕ್, ಟರ್ನ್, ಸ್ಟಾರ್ಟ್ ಇಲ್ಲೇ ಕಲೀಬಹುದು. ರಾಜ್ಯಮಟ್ಟದಲ್ಲಿ ಫೈನಲ್ ತಲುಪೋ ಹಂತ ಬಂದ್ರೆ ಆಗ ಯೋಚ್ನೆ ಮಾಡಿ. ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್ ಅಂಥ ಕಡೆ ದೇಶದ ಒಳ್ಳೊಳ್ಳೇ ಈಜುಗಾರರು ತಯಾರಾಗಿದ್ದಾರೆ. ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದ ಶ್ರೀಹರಿ ನಟರಾಜ್, 14ನೇ ವಯಸ್ಸಿಗೆ 2024ರ ಪ್ಯಾರಿಸ್ ತಂಡದಲ್ಲಿ ದೇಶಕ್ಕೇ ಚಿಕ್ಕವಳಾಗಿದ್ದ ಧಿನಿಧಿ ದೇಸಿಂಗು, ಇಬ್ಬರೂ ಬೆಂಗಳೂರಿನವರೇ. ಅವರ ವಿಡಿಯೋ ಮಕ್ಕಳಿಗೆ ತೋರಿಸಿ, ಬಹಳ ಹುರುಪು ಬರುತ್ತೆ. ಆದ್ರೆ ಹತ್ತು ವರ್ಷದ ಮಗುಗೋಸ್ಕರ ಮನೆ ಎರಡು ಭಾಗ ಮಾಡಿ ಅಮ್ಮ-ಮಗು ಅಲ್ಲಿ, ಅಪ್ಪ ಇಲ್ಲಿ ಅನ್ನೋದು ಆತುರ. ರಜೇಲಿ ಎರಡು-ಮೂರು ವಾರ ಅಲ್ಲಿ ಕಳಿಸಿ ನೋಡೋದು ಒಳ್ಳೇ ನಡುದಾರಿ.

ಯಾವ ದಾಖಲೆ ಬೇಕು?

ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದೃಢೀಕರಣ, ಫೋಟೋ, ಡಾಕ್ಟರ್ ಸರ್ಟಿಫಿಕೇಟ್. ರಾಜ್ಯ, ರಾಷ್ಟ್ರ ಕೂಟಕ್ಕೆ ಹೋಗೋರಿಗೆ ಭಾರತೀಯ ಈಜು ಫೆಡರೇಷನ್ನಿನ ನೋಂದಣಿ ಸಂಖ್ಯೆನೂ ಮಾಡಿಸ್ಬೇಕು, ಕ್ಲಬ್ಬಿನವರು ಮಾಡಿಸ್ತಾರೆ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದೃಢೀಕರಣ ಈ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗು, ಹುಟ್ಟಿದ ತಾರೀಖು, ಅಪ್ಪನ ಇನಿಷಿಯಲ್ ಒಂದೇ ಇದೆಯಾ ಅಂತ ಈ ವಾರವೇ ಕೂತು ನೋಡಿ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುತ್ತೆ, ಕೂಟದ ಹೆಸರು ಕೊಡೋ ಕೊನೇ ದಿನ ಮಾತ್ರ ಯಾರಿಗೂ ಕಾಯಲ್ಲ.